ಎರೆ ಮಣ್ಣಿನ ಪಾಠ: ಕಾಲೇಜು, ಕಾಮಗಾರಿ, ಗೌಂಡಿ
(ದತ್ತಿ ಉಪನ್ಯಾಸ, ಮಾಲಗಾಂವ, ಮಿರಜ ತಾಲೂಕು)



ಈ ಭಾಗದ ಎರೆ ಭೂಮಿಯ ಯಾವ ಊರಿಗೆ ಹೋದರೂ ಬೇಸಿಗೆಯಲ್ಲಿ ಮನೆಗಳ ಗೋಡೆಯ ಮೇಲೆ ಓರೆ ಬಿರುಕು ಕಾಣಸಿಗುತ್ತದೆ. ಕಿಟಕಿಯ ಮೂಲೆಯಲ್ಲಿ ಹುಟ್ಟಿ ಪಾಯಾದ ಕಡೆಗೋ ಛಾವಣಿಯ ಕಡೆಗೋ ಏರಿಳಿಯುತ್ತ ಹೋಗುತ್ತದೆ. ಮಳೆಗಾಲದಲ್ಲಿ ಮುಚ್ಚಿಕೊಂಡಂತೆ ಕಂಡು ಶಿವರಾತ್ರಿ ಕಳೆಯುವ ಹೊತ್ತಿಗೆ ಮತ್ತೆ ಬಾಯಿ ತೆರೆಯುತ್ತದೆ. ಮನೆಯವರು ಸಿಮೆಂಟು ತುಂಬಿಸುತ್ತಾರೆ, ಗಿಲಾವು ಮಾಡಿಸುತ್ತಾರೆ, ಬಣ್ಣ ಹೊಡೆಸುತ್ತಾರೆ. ಒಂದೆರಡು ಬೇಸಿಗೆ ಕಳೆದರೆ ಅದೇ ಜಾಗದಲ್ಲಿ ಅದೇ ಬಿರುಕು. ಇದಕ್ಕೆ ಕಾರಣವೇನು, ತಡೆಯುವ ಬಗೆ ಯಾವುದು ಎಂಬುದು ನಮ್ಮ ವಿದ್ಯಾಸಂಸ್ಥೆಗಳಿಗೆ ಗೊತ್ತಾಗಿ ನಾಲ್ಕು ದಶಕ ದಾಟಿದೆ. ಗೊತ್ತಾದದ್ದು ದೂರದ ದೇಶದಲ್ಲೂ ಅಲ್ಲ, ಮುಂಬಯಿಯಲ್ಲಿ, ಸವದತ್ತಿಯ ಸೀಮೆಯಲ್ಲಿ. ಆದರೂ ಈ ವರ್ಷ ಕಟ್ಟುವ ಮನೆ ಹೋದ ವರ್ಷದ ತಪ್ಪಿನ ಮೇಲೆಯೇ ಏಳುತ್ತಿದೆ.

ಕಟ್ಟಡದ ಕ್ಷೇತ್ರದಲ್ಲಿ ಹೊಸ ಶೋಧಗಳನ್ನು ಕಾಲೇಜುಗಳೂ ಉದ್ಯಮವೂ ಹೇಗೆ ಹಂಚಿಕೊಳ್ಳಬೇಕು ಎಂಬ ಈ ದಿನದ ವಿಷಯವನ್ನು ನಾನು ಆ ಬಿರುಕಿನಿಂದಲೇ ಎತ್ತಿಕೊಳ್ಳುತ್ತೇನೆ. ನಾನು ಕಂಡಂತೆ, ನಮ್ಮ ಕಡೆ ಹೊಸ ಕಟ್ಟಡವಿದ್ಯೆ ಎಲ್ಲೆಲ್ಲಿ ನೆಲೆಯೂರಿದೆಯೋ ಅಲ್ಲೆಲ್ಲ ಒಂದು ಕಾಲನ್ನು ಪ್ರಯೋಗಶಾಲೆಯಲ್ಲಿ, ಇನ್ನೊಂದನ್ನು ಕಾಮಗಾರಿಯ ಕೆಸರಿನಲ್ಲಿ ಇಟ್ಟುಕೊಂಡ ಕೆಲವರು ಇದ್ದರು. ಅಂಥವರು ಇಲ್ಲದ ಕಡೆ ಎಷ್ಟು ಒಳ್ಳೆಯ ಶೋಧವೂ ಕಪಾಟಿನಲ್ಲೇ ಉಳಿದಿದೆ. ಆ ನಡುವಿನ ಜಾಗಕ್ಕೆ ಇವತ್ತು ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ನನ್ನ ತಕರಾರು ಇಷ್ಟೇ.

ಎರೆ ಮಣ್ಣಿನ ಸ್ವಭಾವ ತಿಳಿಯಲು ಎಲ್ಲ ಸಿವಿಲ್ ಪ್ರಯೋಗಶಾಲೆಗಳಲ್ಲೂ ಒಂದು ಸರಳ ಪರೀಕ್ಷೆ ಇದೆ. ನೂರು ಮಿಲಿಲೀಟರ್ ಗುರುತಿನ ಎರಡು ಗಾಜಿನ ಅಳತೆ ಕೊಳವೆ ತೆಗೆದುಕೊಳ್ಳಬೇಕು. ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ಎರಡಕ್ಕೂ ಹಾಕಬೇಕು. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಹೊರಡಿಸಿ ಒಂದು ದಿನ ಬಿಡಬೇಕು. ಮರುದಿನ ನೋಡಿದರೆ ಸೀಮೆಎಣ್ಣೆಯಲ್ಲಿ ಮಣ್ಣು ಕೆಳಗೆ ತೆಪ್ಪಗೆ ಕುಳಿತಿರುತ್ತದೆ. ನೀರಿನಲ್ಲಿ ಅದೇ ಹತ್ತು ಗ್ರಾಂ ಮಣ್ಣು ಹತ್ತಿಯಂತೆ ಅರಳಿ ಒಂದೂವರೆ ಪಟ್ಟು, ಕೆಲವು ಕಡೆ ಎರಡು ಪಟ್ಟು ಎತ್ತರಕ್ಕೆ ಬಂದು ನಿಂತಿರುತ್ತದೆ. ಎರಡು ಎತ್ತರಗಳ ಅಂತರವೇ ಆ ಮಣ್ಣಿನ ಉಬ್ಬುವ ಗುಣದ ಅಳತೆ. ದಖನ್ನಿನ ಕರಿಗಲ್ಲು ಸವೆದು ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದು ತನ್ನ ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ಜೋಳ, ಕಡಲೆ, ಹತ್ತಿಗೆ ಇದು ವರ. ಮೇಲೆ ಗೋಡೆ ಇಟ್ಟರೆ ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಗೋಡೆಯ ನಡುಭಾಗ ಒಂದು ಲಯದಲ್ಲಿ, ಅಂಚು ಇನ್ನೊಂದು ಲಯದಲ್ಲಿ ಏರಿಳಿಯುವುದರಿಂದ ಬಿರುಕು ಓರೆಯಾಗಿ ಬೀಳುತ್ತದೆ.

ಐಐಟಿ ಮುಂಬಯಿಯ ಪ್ರೊಫೆಸರ್ ಆರ್.ಕೆ. ಕಟ್ಟಿಯವರು ಈ ಮಣ್ಣಿಗೇ ತಮ್ಮ ಆಯುಷ್ಯದ ಬಹುಪಾಲನ್ನು ಕೊಟ್ಟರು. ಚಿಕ್ಕ ಉಂಗುರದೊಳಗಿನ ಚೂರು ಮಣ್ಣಿನ ಪರೀಕ್ಷೆಯಿಂದ ಅವರಿಗೆ ಸಮಾಧಾನವಾಗಲಿಲ್ಲ. ನೆಲದಲ್ಲಿ ಇರುವಂತೆಯೇ ದಪ್ಪ ಪದರವಾಗಿ ಮಣ್ಣು ತುಂಬಿ, ನೀರು ಕುಡಿಸಿ, ಯಾವ ಆಳದಲ್ಲಿ ಎಷ್ಟು ಉಬ್ಬುತ್ತದೆ ಎಂದು ಅಳೆದರು. ಆಗ ಕಂಡದ್ದು ಇದು: ಮೇಲಿನ ಸುಮಾರು ಒಂದು ಮೀಟರ್ ಮಣ್ಣು ಮಾತ್ರ ಗದ್ದಲ ಮಾಡುತ್ತದೆ. ಅದರ ಕೆಳಗಿನದು ನೀರು ಕುಡಿದರೂ ಅಲುಗದೆ ಇರುತ್ತದೆ. ಮೇಲಿನ ಮಣ್ಣಿನ ಭಾರವೊಂದರಿಂದಲೇ ಇದು ಆಗುವಂತಿರಲಿಲ್ಲ, ಭಾರ ಅಷ್ಟಿಲ್ಲ. ಕಣಗಳ ನಡುವಿನ ಅಂಟುಬಲ ಅಲ್ಲಿ ಕೆಲಸ ಮಾಡುತ್ತಿದೆ ಎಂಬುದು ಅವರ ನಿಲುವು. ಹಾಗಾದರೆ ಮೇಲಿನ ಒಂದು ಮೀಟರ್ ಎರೆಯನ್ನು ತೆಗೆದು, ಆ ಜಾಗದಲ್ಲಿ ಅಂಟುಗುಣವಿದ್ದೂ ಉಬ್ಬದ ಬೇರೆ ಮಣ್ಣನ್ನು ದಮ್ಮಸು ಮಾಡಿ ಕೂರಿಸಿದರೆ, ಕೆಳಗಿನ ಎರೆ ತೆಪ್ಪಗಿರಬೇಕು. ಮಾಡಿ ನೋಡಿದರು, ಹಾಗೇ ಆಯಿತು. ಎಂಜಿನಿಯರ್‌ಗಳು ಇದನ್ನು ಸಿಎನ್‌ಎಸ್ ಪದರ ಎನ್ನುತ್ತಾರೆ.

ಈ ಶೋಧದ ಹಿರಿಯ ಪರೀಕ್ಷೆ ನಡೆದದ್ದು ಕನ್ನಡ ನೆಲದಲ್ಲಿ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಿಂದ ಹೊರಡುವ ಮಲಪ್ರಭಾ ಬಲದಂಡೆ ಕಾಲುವೆ ಮೈಲುಗಟ್ಟಲೆ ಎರೆ ಸೀಮೆಯಲ್ಲಿ ಹಾದುಹೋಗುತ್ತದೆ. ಎರೆಯಲ್ಲಿ ಕಾಲುವೆ ಕಟ್ಟುವುದು ಎಂಥ ಕಷ್ಟ ಎಂದು ಕಟ್ಟಿದವರಿಗೇ ಗೊತ್ತು. ನೀರು ಬಿಟ್ಟ ಮೇಲೆ ಕೆಳಗಿನ ಮಣ್ಣು ಉಬ್ಬಿ ಅಸ್ತರಿಯ ಹಾಸುಗಳನ್ನು ಎತ್ತಿ ಒಡೆಯುತ್ತದೆ, ನೀರು ನಿಲ್ಲಿಸಿದಾಗ ದಂಡೆಯ ಇಳಿಜಾರು ಜಾರಿ ಕಾಲುವೆಯೊಳಕ್ಕೆ ಬೀಳುತ್ತದೆ. ಅಲ್ಲಿ ಎರೆಯ ಮೇಲೆ ಈ ಪದರ ಹಾಸಿ, ಅದರ ಮೇಲೆ ಅಸ್ತರಿ ಮಾಡಿದರು. ಕಟ್ಟಿಯವರು ಭಾರತೀಯ ಜಿಯೋಟೆಕ್ನಿಕಲ್ ಸೊಸೈಟಿಯ ಮೊದಲ ವಾರ್ಷಿಕ ಉಪನ್ಯಾಸಕ್ಕೆ ಕಪ್ಪು ಮಣ್ಣಿನ ಸಮಸ್ಯೆಯನ್ನೇ ಆರಿಸಿಕೊಂಡರು, ಅದು 1979ರಲ್ಲಿ ಅಚ್ಚಾಯಿತು. ಮುಂದೆ ಉಬ್ಬುವ ಮಣ್ಣಿನಲ್ಲಿ ಕಾಲುವೆ ಅಸ್ತರಿಯ ಬಗ್ಗೆ ಐಎಸ್ 9451 ಎಂಬ ರಾಷ್ಟ್ರೀಯ ಮಾನಕವೇ ಬಂತು, ಅದರಲ್ಲಿ ಈ ಪದರಕ್ಕೆ ಸ್ಥಾನ ಸಿಕ್ಕಿತು. ಐಐಟಿಯ ಶೆಡ್ಡಿನಿಂದ ಕಾಲುವೆಯ ಇಳಿಜಾರಿಗೆ, ಅಲ್ಲಿಂದ ಮಾನಕದ ಪುಟಕ್ಕೆ: ಪ್ರೊಫೆಸರು, ನೀರಾವರಿ ಎಂಜಿನಿಯರು, ಗುತ್ತಿಗೆದಾರ ಮೂವರೂ ಒಂದೇ ದಂಡೆಯ ಮೇಲೆ ನಿಂತದ್ದರಿಂದ ಈ ದಾರಿ ಸಾಧ್ಯವಾಯಿತು.

ಇದೇ ಮಣ್ಣಿನ ಬಗ್ಗೆ ನಮ್ಮ ಗೌಂಡಿಗಳ ತಿಳಿವೂ ಕಡಿಮೆಯದಲ್ಲ. ಪಾಯಾ ತುಂಬುವಾಗ ಉಸುಕು ಹಾಕೋಣವೇ ಎಂದು ಕೇಳಿದ್ದಕ್ಕೆ ಒಬ್ಬ ಹಿರಿಯ ಗೌಂಡಿ ನನಗೆ ಹೇಳಿದ ಮಾತು ಇದು: "ಉಸುಕ ಬ್ಯಾಡ್ರಿ ಸರ. ಉಸುಕಿನಾಗ ನೀರ ಹೊಕ್ಕು ಕುಂದರತದ, ಎರಿಗೆ ಕುಡಿಸಿಕೋತನ ಇರತದ. ಗರಸ ತರಸ್ರಿ, ಅದೂ ಜಿಗಿ ಇದ್ದ ಗರಸ. ಬರೇ ಸುರವಿದ್ರ ಆಗೂದಿಲ್ಲ, ನೀರ ಹೊಡದು ದಮ್ಮಸ ಮಾಡಬೇಕು." ಜಿಗಿ ಇದ್ದ ಗರಸು, ನೀರು, ದಮ್ಮಸು. ಕಟ್ಟಿಯವರ ಪದರಕ್ಕೂ ಇದಕ್ಕೂ ಇರುವ ಅಂತರ ಪ್ರಮಾಣದ್ದು: ಎಷ್ಟು ದಪ್ಪ, ಜೇಡಿ ಎಷ್ಟು ಪಾಲು, ಎಷ್ಟು ಬಿಗಿ. ಆ ಪ್ರಮಾಣ ಗೌಂಡಿಗೆ ಸಿಕ್ಕಿಲ್ಲ. ಅವನು ಒಂದು ಅಡಿ ಹಾಕುತ್ತಾನೆ, ಬೇಕಾದದ್ದು ಮೂರು ಅಡಿ. ಒಂದು ಅಡಿ ಹಾಕಿಯೂ ಬಿರುಕು ಬಿಟ್ಟಾಗ ಮನೆಯವರು ಗೌಂಡಿಯನ್ನು ಬೈಯುತ್ತಾರೆ, ಗೌಂಡಿ ಮಣ್ಣನ್ನು ಬೈಯುತ್ತಾನೆ.

ಮಣ್ಣನ್ನು ಓದುವ ಜಾಣತನ ಈ ಸೀಮೆಯದು ಹಳೆಯದು. ಸಾಂಗ್ಲಿಯ ಪಕ್ಕದಲ್ಲಿ ಕೃಷ್ಣಾ-ವಾರಣಾ ಕೂಡುವ ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಯಾವ ಮಣ್ಣಿನ ಗೋಡೆ ಕುಸಿಯದೆ ನಿಲ್ಲುತ್ತದೆ, ಯಾವುದು ಹಸಿ ಬಿಡುವುದಿಲ್ಲ ಎಂದು ಅಗೆದು ಅಗೆದು ಕಲಿತವರ ಕೆಲಸ ಅದು. 2005ರ ನೆರೆಯಲ್ಲಿ ಬಹಳಷ್ಟು ಹಗೇವುಗಳು ಹಾಳಾದವು. ಅಗೆಯುವವರ ಕೈಯಲ್ಲಿದ್ದ ವಿದ್ಯೆಯನ್ನು ಯಾರಾದರೂ ಕುಳಿತು ಬರೆದುಕೊಳ್ಳಬೇಕು. ಅದನ್ನು ಮಾಡಲು ಸಾಂಗ್ಲಿಯ ವಿದ್ಯಾರ್ಥಿಗಳಿಗಿಂತ ಹತ್ತಿರದವರು ಯಾರಿದ್ದಾರೆ?

ಮಲಪ್ರಭಾ ಕಾಲುವೆಗೆ ದಕ್ಕಿದ ವಿದ್ಯೆ ಮಾಲಗಾಂವದ ಮನೆಗೆ ಏಕೆ ದಕ್ಕುವುದಿಲ್ಲ? ಕಾಲುವೆಯ ಧಣಿ ಒಬ್ಬನೇ, ಸರಕಾರ. ಅಲ್ಲಿ ನಷ್ಟವಾದರೆ ಅದೇ ಇಲಾಖೆ ತುಂಬಿಕೊಡಬೇಕು, ಹಾಗಾಗಿ ಅದಕ್ಕೆ ಪ್ರೊಫೆಸರನ್ನು ಕರೆಸುವ ತುರ್ತು ಇತ್ತು. ಮನೆಯ ವಿಷಯ ಬೇರೆ. ಚದರ ಅಡಿಗೆ ಇಷ್ಟು ಎಂದು ಗುತ್ತಿಗೆ ಆಗುತ್ತದೆ. ನೆಲದೊಳಗೆ ಹೂತುಹೋಗುವ ಗರಸಿಗೆ ಯಾರೂ ದುಡ್ಡು ಕೊಡಲು ಒಪ್ಪುವುದಿಲ್ಲ, ಅದು ಕಣ್ಣಿಗೆ ಕಾಣುವುದಿಲ್ಲವಲ್ಲ. ಸರಕಾರಿ ಕಟ್ಟಡದಲ್ಲಿ ಮತ್ತೊಂದು ಗೋಡೆ ಇದೆ, ದರಪಟ್ಟಿ. ಲೋಕೋಪಯೋಗಿ ಇಲಾಖೆಯ ಆ ಪಟ್ಟಿಯಲ್ಲಿ ಒಂದು ಕೆಲಸದ ಹೆಸರೂ ದರವೂ ಇಲ್ಲದಿದ್ದರೆ ಕಿರಿಯ ಎಂಜಿನಿಯರು ಅದನ್ನು ಅಂದಾಜಿನಲ್ಲಿ ಹಾಕುವ ಧೈರ್ಯ ಮಾಡುವುದಿಲ್ಲ. ನಾಳೆ ಆಡಿಟ್‌ನವರು ಕೇಳಿದರೆ ಉತ್ತರ ಕೊಡಬೇಕಾದವನು ಅವನೇ. ವಿದ್ವತ್ ಪತ್ರಿಕೆಯಲ್ಲಿ ನೂರು ಲೇಖನ ಬರುವುದಕ್ಕಿಂತ ದರಪಟ್ಟಿಯಲ್ಲಿ ಒಂದು ಸಾಲು ಬರುವುದು ಕಟ್ಟಡದ ಕೆಲಸದಲ್ಲಿ ಹೆಚ್ಚು ದೂರ ಹೋಗುತ್ತದೆ ಎಂದು ನಾನು ನಂಬಿದ್ದೇನೆ. ಆ ಸಾಲನ್ನು ಬರೆಸುವುದೂ ಪ್ರೊಫೆಸರನ ಕೆಲಸವೆಂದು ಕಾಲೇಜುಗಳು ಎಣಿಸಬೇಕು.

ಇದಕ್ಕೆ ಸೇರಿಸಬೇಕಾದ ಇನ್ನೊಂದು ಮಾತು ಹತ್ಯಾರದ್ದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಭೂಮಿಗೆಂದೇ ಬುಡದಲ್ಲಿ ಗೆಡ್ಡೆಯಿರುವ ಕಾಂಕ್ರೀಟ್ ಕಂಬದ ಪಾಯಾ ರೂಪಿಸಿತು. ಕೈಯಿಂದ ತಿರುಗಿಸುವ ಆಗರ್‌ನಿಂದ ಮೂರೂವರೆ ಮೀಟರಿನಷ್ಟು ತೂತು ಕೊರೆದು, ಬುಡದಲ್ಲಿ ಅದನ್ನು ಎರಡೂವರೆ ಪಟ್ಟು ಅಗಲಿಸಿ, ಸರಳು ಇಳಿಸಿ ಕಾಂಕ್ರೀಟು ತುಂಬುವುದು. ಮೇಲಿನ ಮಣ್ಣು ಎಷ್ಟೇ ಕುಣಿದರೂ ಮನೆ ಆಳದ ಸ್ಥಿರ ಮಣ್ಣನ್ನು ಹಿಡಿದು ನಿಲ್ಲುತ್ತದೆ. ವಿಧಾನ ಹಳೆಯದು, ಮಾನಕದಲ್ಲಿದೆ, ಪಠ್ಯದಲ್ಲಿದೆ. ಆದರೆ ಆ ಆಗರ್ ಬಾಡಿಗೆಗೆ ಸಿಗುವ ಊರಿನಲ್ಲಿ ಮಾತ್ರ ಅದು ಬದುಕಿದೆ. ಸೆಂಟ್ರಿಂಗ್ ಹಲಗೆ, ಮಿಕ್ಸರು, ವೈಬ್ರೇಟರು ಬಾಡಿಗೆ ಕೊಡುವ ಅಂಗಡಿಯಲ್ಲಿ ಅದೂ ಒಂದು ಮೂಲೆಯಲ್ಲಿ ಇದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಹತ್ಯಾರದ ಮೂಲಕ ವಿದ್ಯೆ ಹರಡಿದ ಒಂದು ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ-ತಂತ್ರಜ್ಞಾನ ಅದರ ಕೆಲಸ. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ಹಳ್ಳಿ ಕೇಂದ್ರ ನಡೆಯಿತು. ಅಲ್ಲಿ ಸಿವಿಲ್ ಎಂಜಿನಿಯರಿಂಗ್‌ನ ಪ್ರೊಫೆಸರ್ ಕೆ.ಎಸ್. ಜಗದೀಶ್, ಅವರ ಜೊತೆಗೆ ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿನ ಇಟ್ಟಿಗೆಯ ಬೆನ್ನು ಹತ್ತಿದರು. ಸುಡದೆ, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆ ಅದು. ಕೊಲಂಬಿಯಾ ದೇಶದಲ್ಲಿ 1950ರ ದಶಕದಲ್ಲಿ ಹುಟ್ಟಿದ ಸಿನ್ವಾ-ರ್‍ಯಾಮ್ ಎಂಬ ಕೈಯಂತ್ರ ಜಗತ್ತಿಗೆ ಗೊತ್ತಿತ್ತು. ಇವರು ನಮ್ಮ ಮಣ್ಣಿಗೆ, ನಮ್ಮ ಕೂಲಿಯವರ ಕೈಗೆ ಹೊಂದುವ ಯಂತ್ರವನ್ನು ಮಾಡಿದರು.

ಆ ಯಂತ್ರದ ಕೆಲಸವನ್ನು ಹತ್ತಿರದಿಂದ ನೋಡಿದರೆ ವಿದ್ಯೆ ಎಲ್ಲಿ ಅಡಗಿದೆ ಎಂದು ತಿಳಿಯುತ್ತದೆ. ಜರಡಿ ಹಿಡಿದ ಮಣ್ಣಿಗೆ ಶೇಕಡಾ ಏಳರ ಆಸುಪಾಸು ಸಿಮೆಂಟು ಸೇರಿಸಿ, ಉಂಡೆ ಕಟ್ಟುವಷ್ಟೇ ನೀರು ಚಿಮುಕಿಸಿ ಕಲಸುತ್ತಾರೆ. ಮುಂದಿನದು ಮುಖ್ಯ. ಆ ಹಸಿ ಮಣ್ಣನ್ನು ಪ್ರತಿ ಸಲ ತೂಗಿಯೇ ಅಚ್ಚಿಗೆ ಸುರಿಯುತ್ತಾರೆ. 230ಕ್ಕೆ 190ಕ್ಕೆ 100 ಮಿಲಿಮೀಟರಿನ ಇಟ್ಟಿಗೆಗೆ ಎಂಟೂವರೆ ಕಿಲೋ ಆಜುಬಾಜು. ಮುಚ್ಚಳ ಹಾಕಿ, ಉದ್ದನೆಯ ಸನ್ನೆ ಹಿಡಿಯನ್ನು ಮೈಭಾರ ಬಿಟ್ಟು ಎಳೆದರೆ ಇಟ್ಟಿಗೆ ಬಿಗಿಯುತ್ತದೆ, ಹಿಂದಕ್ಕೆ ಎಳೆದರೆ ಮೇಲೆದ್ದು ಬರುತ್ತದೆ. ತೂಕವೂ ಅಚ್ಚಿನ ಅಳತೆಯೂ ಗೊತ್ತಿದ್ದರೆ ಇಟ್ಟಿಗೆಯ ಸಾಂದ್ರತೆ ತಾನಾಗಿಯೇ ಕೈಗೆ ಬರುತ್ತದೆ. ಪ್ರಯೋಗಶಾಲೆಯ ಪಾಠವೆಲ್ಲ ಆ ತಕ್ಕಡಿಯಲ್ಲಿ ಕುಳಿತಿದೆ. ಕೂಲಿ ಹೆಣ್ಣುಮಗಳು ತಕ್ಕಡಿಯ ಗುರುತಿಗೆ ಸರಿಯಾಗಿ ಮಣ್ಣು ಹಾಕಿದರೆ ಸಾಕು, ಸೂತ್ರ ಓದಬೇಕಾಗಿಲ್ಲ. ಆಮೇಲೆ ಸಾಲಾಗಿ ಪೇರಿಸಿ, ಹುಲ್ಲು ಮುಚ್ಚಿ, ಮೂರು ನಾಲ್ಕು ವಾರ ನೀರು ಹೊಡೆಯುತ್ತಾರೆ. ಭಟ್ಟಿ ಇಲ್ಲ, ಕಟ್ಟಿಗೆ-ಕಲ್ಲಿದ್ದಲು ಇಲ್ಲ.

ಆ ವಿದ್ಯೆ ಸಂಸ್ಥೆಯ ಆವರಣದಿಂದ ಹೊರಬಂದದ್ದು ಹೇಗೆ ಎಂಬುದು ನಮಗೆ ಇನ್ನೂ ಮುಖ್ಯ. ಯಂತ್ರ ಮಾಡಲು ಖಾಸಗಿ ವರ್ಕ್‌ಶಾಪುಗಳು ಮುಂದೆ ಬಂದವು. ಅಸ್ತ್ರದಲ್ಲೇ ಸಂಶೋಧನೆ ಮಾಡಿದ ಡಾ. ಎಂ.ಆರ್. ಯೋಗಾನಂದ ಅವರು 'ಮೃಣ್ಮಯೀ' ಎಂಬ ಸ್ವಂತ ಸಂಸ್ಥೆ ಕಟ್ಟಿ ಯಂತ್ರ, ತರಬೇತಿ, ಮನೆ ಕಟ್ಟುವ ಸಲಹೆಗಳನ್ನು ಒಂದೇ ಕಡೆ ಕೊಟ್ಟರು. ಸಂಶೋಧಕನೇ ಉದ್ಯಮಿಯಾಗಿ, ಗೌಂಡಿಯ ಪಕ್ಕದಲ್ಲಿ ನಿಂತು ಕೆಲಸ ಕಲಿಸಿದ್ದರಿಂದ ಬೆಂಗಳೂರು, ಮೈಸೂರು ಸುತ್ತ ಮಣ್ಣಿಟ್ಟಿಗೆಯ ಮನೆಗಳು ಎದ್ದವು. ಮಾನಕವೂ ಜೊತೆಗೆ ಬೆಳೆಯಿತು: 1982ರ ಐಎಸ್ 1725 ಅನ್ನು 2013ರಲ್ಲಿ ಪರಿಷ್ಕರಿಸಿದರು.

ಹಾಗಂತ ಬೆಂಗಳೂರಿನ ಆ ಇಟ್ಟಿಗೆಯನ್ನು ಇದ್ದಕ್ಕಿದ್ದಂತೆ ಮಿರಜಕ್ಕೆ ತಂದರೆ ಕೈಸುಟ್ಟುಕೊಳ್ಳುತ್ತೇವೆ. ಅಲ್ಲಿನದು ಕೆಂಪು ಮಣ್ಣು, ಉಸುಕಿನ ಪಾಲು ಹೆಚ್ಚು, ಜೇಡಿ ಉಬ್ಬುವ ಜಾತಿಯದಲ್ಲ. ನಮ್ಮ ಎರೆಗೆ ಸಿಮೆಂಟು ಮಾತ್ರ ಸಾಲದು. ಸುಣ್ಣ ಬೇಕು, ಇಲ್ಲವೇ ಸಾಕಷ್ಟು ಉಸುಕೋ ಕಲ್ಲುಪುಡಿಯೋ ಬೆರೆಸಬೇಕು. ಆ ಬೆರಕೆಯನ್ನು ನಮ್ಮ ಮಣ್ಣಿನಲ್ಲೇ, ನಮ್ಮ ಊರಲ್ಲೇ ಮಾಡಿ ನೋಡಬೇಕು. ಕಟ್ಟಡದ ವಿದ್ಯೆಗೆ ನೆಲದ ಗುಣ ಅಂಟಿಕೊಂಡೇ ಇರುತ್ತದೆ. ಒಂದು ಊರಿನ ಪ್ರಮಾಣವನ್ನು ಇನ್ನೊಂದು ಊರು ಕಣ್ಣುಮುಚ್ಚಿ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಪ್ರತಿ ಜಿಲ್ಲೆಗೂ ತನ್ನದೇ ಕಾಲೇಜು ತನ್ನದೇ ಕೆಲಸವನ್ನು ಮಾಡಬೇಕಾಗುತ್ತದೆ.

ಹಂಚಿಕೊಳ್ಳದೆ ಉಳಿದ ವಿದ್ಯೆಯ ಬೆಲೆಯನ್ನು ನಾವು ತೆತ್ತಿದ್ದೇವೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಭೂಕಂಪಕ್ಕೆ ಕೊಯ್ನಾ ನಡುಗಿತು, ಅಲ್ಲಿನ ಅಣೆಕಟ್ಟಿನ ಮೈ ಬಿರಿಯಿತು. ಗಟ್ಟಿ ನೆಲವೆಂದು ನಂಬಿದ್ದ ದಖನ್ ಹೀಗೆ ನಡುಗಿದ್ದರಿಂದ ಭೂಕಂಪ ಮಾನಕದ ನಕ್ಷೆಯನ್ನು 1970ರಲ್ಲಿ ತಿದ್ದಿ ಬರೆಯಬೇಕಾಯಿತು. ಭೂಕಂಪ ತಾಳುವಂತೆ ಕಟ್ಟಡ ಕಟ್ಟುವ ಕ್ರಮದ ಮೊದಲ ಮಾನಕವೂ 1967ರದೇ. ಅದಾಗಿ 26 ವರ್ಷಕ್ಕೆ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ-ಉಸ್ಮಾನಾಬಾದ ಸೀಮೆಯ ಕಿಲ್ಲಾರಿ ಸುತ್ತಿನ ಹಳ್ಳಿಗಳು ನೆಲಕ್ಕೆ ಕೂತವು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಮಣ್ಣು ಹೇರಿದ ಭಾರವಾದ ಮಾಳಿಗೆ. ಒಳಮೈಯ ಕಲ್ಲುಗಳದ್ದೊಂದು ಗೋಡೆ, ಹೊರಮೈಯದ್ದೊಂದು ಗೋಡೆ, ನಡುವೆ ಚೂರುಕಲ್ಲು. ಎರಡನ್ನೂ ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳು ಇರಲಿಲ್ಲ. ನೆಲ ಅಲುಗಿದಾಗ ಗೋಡೆ ಎರಡು ಸೀಳಾಗಿ ಬಿತ್ತು. ಎತ್ತರದಲ್ಲಿ 60 ಸೆಂಟಿಮೀಟರಿಗೊಮ್ಮೆ, ಉದ್ದದಲ್ಲಿ ನಾಲ್ಕು ಅಡಿಗೊಮ್ಮೆ ಗೋಡೆಯ ಪೂರ್ತಿ ದಪ್ಪಕ್ಕೆ ಒಂದು ಕಲ್ಲು ಹಾಕಬೇಕೆಂದು ಐಎಸ್ 13828 ಹೇಳುತ್ತದೆ. ಒಂದು ಚೀಟಿಯ ಮೇಲೆ ಬರೆದು ಗೌಂಡಿಯ ಜೇಬಿಗೆ ಹಾಕಬಹುದಾದ ಮಾತು. ಇಂಥ ಮಾತು ಗೌಂಡಿಯ ಕಿವಿಗೆ ಬೀಳುವ ದಾರಿಯನ್ನು ಕೊಯ್ನಾ ಆದಮೇಲೆ ಕಾಲು ಶತಮಾನದಲ್ಲಿ ನಾವು ಕಟ್ಟಿಕೊಳ್ಳಲಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ.

ಈಗ ಸಾಂಗ್ಲಿಗೆ ಬರುತ್ತೇನೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜನ್ನು 1947ರಲ್ಲಿ ಧೋಂಡುಮಾಮಾ ಸಾಠೆಯವರು ಕಟ್ಟಿದರು. 1955ರಲ್ಲಿ ಅದಕ್ಕೆ ಸೇಠ್ ವಾಲಚಂದ ಹೀರಾಚಂದರ ಹೆಸರು ಬಂತು. ವಾಲಚಂದರು ರೈಲ್ವೆ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರ ಜೊತೆ ರೈಲ್ವೆ ಗುತ್ತಿಗೆಯಿಂದ ಶುರುಮಾಡಿ, 1926ರಲ್ಲಿ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಕಟ್ಟಿದವರು. 1940ರಲ್ಲಿ ಮೈಸೂರು ಸರಕಾರದೊಂದಿಗೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹಾಕಿದವರೂ ಅವರೇ. ಒಬ್ಬ ಗುತ್ತಿಗೆದಾರನ ಹೆಸರು ಹೊತ್ತ ಕಾಲೇಜಿನ ಪಕ್ಕದಲ್ಲಿ ನಾವಿದ್ದೇವೆ. ಕಾಮಗಾರಿಯೂ ಕಲಿಕೆಯೂ ಒಂದೇ ಹೆಸರಿನಲ್ಲಿ ಕೂಡಿರುವ ಸ್ಥಳ ಇದು. ಇಂಥ ಕಡೆಯಿಂದಲೇ ಹೊಸ ಕ್ರಮ ಶುರುವಾಗಲಿ ಎಂಬುದು ನನ್ನ ಆಸೆ.

ಶುರು ಎಲ್ಲಿಂದ? ಎಲ್ಲ ಎಂಜಿನಿಯರಿಂಗ್ ಕಾಲೇಜಿನಲ್ಲೂ ಕಾಲೇಜು ಮತ್ತು ಕಾಮಗಾರಿ ದಿನವೂ ಮುಖಾಮುಖಿಯಾಗುವ ಒಂದು ಜಾಗ ಈಗಾಗಲೇ ಇದೆ: ಕಾಂಕ್ರೀಟಿನ ಕ್ಯೂಬು ಪರೀಕ್ಷಿಸುವ ಶೆಡ್ಡು. ಟೆಂಪೋದಲ್ಲಿ ಕ್ಯೂಬುಗಳು ಬರುತ್ತವೆ, 150 ಮಿಲಿಮೀಟರಿನ ಘನಗಳು, ಮೈಮೇಲೆ ಬಣ್ಣದಲ್ಲಿ ಬರೆದ ತಾರೀಖು. 28ನೇ ದಿನ ಯಂತ್ರದ ಬಾಯಿಗೆ ಇಟ್ಟು ಭಾರ ಏರಿಸುತ್ತಾರೆ. ಮುಳ್ಳು ಏರುತ್ತ ಹೋಗಿ ಒಂದು ಕಡೆ ತಡೆದು ಹಿಂದಕ್ಕೆ ಬೀಳುತ್ತದೆ. 450 ಕಿಲೋನ್ಯೂಟನ್ ಆಗಿದ್ದರೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಎಂದು ಬರೆದು, ಸಹಿ ಮಾಡಿ, ಶಿಕ್ಕಾ ಹೊಡೆದು ಕೊಡುತ್ತಾರೆ. ಬಂದವನು ಕಾಗದ ಹಿಡಿದು ಹೋಗುತ್ತಾನೆ, ಅವನಿಗೆ ಬಿಲ್ಲಿಗೆ ಅದು ಬೇಕು. ಅಲ್ಲಿಗೆ ಸಂಬಂಧ ಮುಗಿಯಿತು.

ಆದರೆ ಒಡೆದ ಕ್ಯೂಬು ಸಂಖ್ಯೆಗಿಂತ ಹೆಚ್ಚು ಮಾತಾಡುತ್ತದೆ. ಚೆನ್ನಾಗಿ ಮಾಡಿದ ಕ್ಯೂಬು ನಾಲ್ಕೂ ಮಗ್ಗುಲು ಉದುರಿ, ನಡು ಸಣ್ಣಗಾಗಿ ಡಮರುವಿನ ಆಕಾರಕ್ಕೆ ಒಡೆಯುತ್ತದೆ. ಒಂದೇ ಮಗ್ಗುಲು ಸಿಡಿದರೆ ಅಚ್ಚು ಓರೆಯಾಗಿದ್ದಿರಬಹುದು. ಒಡೆದ ಮೈಯಲ್ಲಿ ಜಲ್ಲಿ ತುಂಡಾಗಿದ್ದರೆ ಗಾರೆ ಗಟ್ಟಿ. ಜಲ್ಲಿ ನುಣ್ಣಗೆ ಕಳಚಿ ಬಂದು ಗುಳಿ ಉಳಿದಿದ್ದರೆ ಕ್ರಷರಿನ ಧೂಳು ತೊಳೆಯದೆ ಬಳಸಿರಬಹುದು. ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದ ಸಹಾಯಕನಿಗೆ ಇದೆಲ್ಲ ಕಣ್ಣೋಟಕ್ಕೇ ತಿಳಿಯುತ್ತದೆ. ಅವನ ಮಾತಿಗೆ ವರದಿಯಲ್ಲಿ ಕಾಲಂ ಇಲ್ಲ. ಇಡೀ ಜಿಲ್ಲೆಯ ಸೇತುವೆ, ಶಾಲೆ, ಅಪಾರ್ಟ್‌ಮೆಂಟುಗಳ ಕಾಂಕ್ರೀಟಿನ ಚರಿತ್ರೆ ಆ ರಜಿಸ್ಟರುಗಳಲ್ಲಿ ಇದೆ. ಗುತ್ತಿಗೆದಾರನ ಹೆಸರು ಬಿಟ್ಟು, ಯಾವ ಹಂಗಾಮಿನಲ್ಲಿ, ಯಾವ ಉಸುಕಿನಲ್ಲಿ, ಯಾವ ಬಗೆಯ ಕೆಲಸದಲ್ಲಿ ಬಲ ಕಡಿಮೆ ಬರುತ್ತಿದೆ ಎಂದು ವರ್ಷಕ್ಕೊಮ್ಮೆ ನಾಲ್ಕು ಪುಟ ಅಚ್ಚು ಹಾಕಿ ಕಾಮಗಾರಿಯವರಿಗೆ ಹಿಂದಿರುಗಿಸಿದರೆ ಅದಕ್ಕಿಂತ ದೊಡ್ಡ ಸಂಶೋಧನೆ ಈ ಜಿಲ್ಲೆಗೆ ಬೇಡ. ಸೋತ ಕ್ಯೂಬಿನ ಸುದ್ದಿಯನ್ನು ಎಲ್ಲರೂ ಮುಚ್ಚಿಡುವುದರಿಂದ ಪ್ರತಿಯೊಬ್ಬನೂ ಅದೇ ಸೋಲನ್ನು ತನ್ನ ದುಡ್ಡಿನಲ್ಲಿ ಮತ್ತೆ ಕೊಳ್ಳುತ್ತಿದ್ದಾನೆ.

ಇದು ಆಗದ ಮಾತು ಎನ್ನುವವರಿಗೆ ಸಾಂಗ್ಲಿಯದೇ ಒಂದು ಉದಾಹರಣೆ ಕೊಡುತ್ತೇನೆ. 1929ರ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ನೀರಿನ ಮಟ್ಟ ಅಳೆಯುತ್ತಾರೆ. 45 ಅಡಿ ಅಪಾಯದ ಮಟ್ಟ ಎಂಬುದು ಕಾಯಿಪಲ್ಯೆ ಮಾರುವ ಅಜ್ಜಿಗೂ ಗೊತ್ತು, ಜಿಲ್ಲಾಧಿಕಾರಿಗೂ ಗೊತ್ತು. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿದ್ದನ್ನು ಮಕ್ಕಳೂ ಹೇಳುತ್ತಾರೆ. ಎಂಜಿನಿಯರನ ಅಳತೆಯೊಂದು ಊರಿನವರ ಬಾಯಲ್ಲಿ ನಿತ್ಯದ ಮಾತಾಗಿದೆ. ಅದು ಹಾಗಾದದ್ದು ದಿನವೂ ತಪ್ಪದೆ, ಮುಚ್ಚುಮರೆಯಿಲ್ಲದೆ, ಎಲ್ಲರಿಗೂ ತಿಳಿಯುವಂತೆ ಹೇಳಿದ್ದರಿಂದ. ಪಾಯಾದ ಗರಸಿನ ದಪ್ಪವೂ ಹೀಗೆಯೇ ಊರಿನ ಮಾತಾಗಬಲ್ಲದು.

ಇನ್ನೊಂದು ಕೆಲಸ ನಮ್ಮ ಕಣ್ಣೆದುರೇ ರಾಶಿ ಬಿದ್ದಿದೆ. ಸಾಂಗ್ಲಿ, ಕೊಲ್ಲಾಪುರ, ಬೆಳಗಾವಿ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆಗಳ ಬಾಯ್ಲರಿನಿಂದ ಹಂಗಾಮಿನುದ್ದಕ್ಕೂ ಕಬ್ಬಿನ ಸಿಪ್ಪೆಯ ಬೂದಿ ಬರುತ್ತದೆ. ಅರೆಸುಟ್ಟ ನಾರನ್ನು 300 ಮೈಕ್ರಾನಿನ ಜರಡಿಯಲ್ಲಿ ಬೇರ್ಪಡಿಸಿ, ಉಳಿದದ್ದನ್ನು ಸಿಮೆಂಟಿನಷ್ಟು ಸಣ್ಣಗೆ ಅರೆದರೆ ಸಿಮೆಂಟಿನ ಒಂದು ಪಾಲಿನ ಜಾಗದಲ್ಲಿ ಅದನ್ನು ಬಳಸಬಹುದು ಎಂದು ಐಐಟಿ ಮದ್ರಾಸಿನ ಸಂಶೋಧಕರು ತೋರಿಸಿದ್ದಾರೆ. ಕೃಷ್ಣರಾಜಸಾಗರವನ್ನು ಕಟ್ಟಿದವರು ಸುಣ್ಣಕ್ಕೆ ಇಟ್ಟಿಗೆಪುಡಿಯ ಸುರ್ಕಿ ಬೆರೆಸಿದ್ದರ ಹಿಂದೆ ಇರುವ ರಸಾಯನವೂ ಇದೇ ಜಾತಿಯದು. ಬೂದಿ ಕಾರ್ಖಾನೆಯದು, ಜರಡಿ-ಗಿರಣಿ ಉದ್ಯಮದ್ದು, ಪರೀಕ್ಷೆ ಕಾಲೇಜಿನದು. ಬಾಯ್ಲರಿನಿಂದ ಬಾಯ್ಲರಿಗೆ ಬೂದಿ ಬೇರೆಯಾಗುವುದರಿಂದ ಪ್ರತಿ ಕಾರ್ಖಾನೆಯದನ್ನೂ ಬೇರೆಯೇ ನೋಡಬೇಕು. ಮೊದಲು ಪೇವರ್ ಬ್ಲಾಕಿನಲ್ಲಿ, ಕಾಲುದಾರಿಯ ಹಾಸಿನಲ್ಲಿ ಬಳಸಿ, ಎರಡು ಮಳೆಗಾಲ ನೋಡಿ ಆಮೇಲೆ ಮನೆಗೆ ತರೋಣ. ಕಾರ್ಖಾನೆಯ ಸಂಚಾಲಕರು ಇಲ್ಲಿ ಇದ್ದಾರೆ, ಅವರಲ್ಲಿ ನನ್ನ ಬೇಡಿಕೆ ಒಂದೇ: ಹಂಗಾಮು ಮುಗಿಯುವ ಮೊದಲು ಒಬ್ಬ ತರುಣ ಎಂಜಿನಿಯರನನ್ನು ಇದಕ್ಕೆಂದೇ ನೇಮಿಸಿ, ಸಂಬಳ ನೀವು ಕೊಡಿ. ಮೇಜು-ಖುರ್ಚಿ ಕಾಲೇಜು ಕೊಡಲಿ. ವಾರದಲ್ಲಿ ಮೂರು ದಿನ ಅವನು ಬಾಯ್ಲರಿನ ಬಳಿ, ಮೂರು ದಿನ ಕ್ಯೂಬಿನ ಶೆಡ್ಡಿನಲ್ಲಿ ಇರಲಿ.

ಮನೆ ಕಟ್ಟುವ ಯೋಚನೆಯಲ್ಲಿರುವ ನಿಮಗೂ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಪಾಯಾ ಎಲ್ಲಿ ಬರುತ್ತದೆಯೋ ಅಲ್ಲಿ ಮೇಲಿನ ಒಂದು ಅಡಿ ಮಣ್ಣು ಬಿಟ್ಟು ಅಗೆಯಿರಿ. ಮೂರು ಅಡಿ ಆಳದಲ್ಲಿ ಒಂದು ಡಬ್ಬಿ, ಐದು ಅಡಿ ಆಳದಲ್ಲಿ ಒಂದು ಡಬ್ಬಿ ಮಣ್ಣು ತೆಗೆಯಿರಿ. ನೆರಳಲ್ಲಿ ಒಣಗಿಸಿ, ಡಬ್ಬಿಯ ಮೇಲೆ ಗಟ್ ನಂಬರು, ಆಳ, ತೆಗೆದ ತಾರೀಖು ಬರೆದು ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೆ ಒಯ್ಯಿರಿ. ಆ ಎರಡು ಗಾಜಿನ ಕೊಳವೆಯ ಪರೀಕ್ಷೆಗೆ ಒಂದು ದಿನ ಸಾಕು. ಹೋಗುವಾಗ ನಿಮ್ಮ ಗೌಂಡಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಕೊಳವೆಯಲ್ಲಿ ಮಣ್ಣು ಎಷ್ಟು ಏರಿತು ಎಂದು ಅವನು ಕಣ್ಣಾರೆ ನೋಡಲಿ. ಗರಸು ಎಷ್ಟು ದಪ್ಪ ಹಾಕಬೇಕು ಎಂದು ಪ್ರೊಫೆಸರನ್ನು ಅವನೇ ಕೇಳಲಿ.